ಇಸಿಜಿ ನಾರ್ಮಲ್ ಇದ್ದರೂ ಗ್ಯಾಸ್ ಅಂತ ಬಿಡಬೇಡಿ

ತಾಯಿಗೆ 56 ವರ್ಷ, ಸಕ್ಕರೆ ಕಾಯಿಲೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ದವಡೆ ಹಿಡಿದಂತಾಗಿ ಕೂತ ಐದು ನಿಮಿಷಕ್ಕೆ ಸರಿಹೋಗುತ್ತದೆ, ಇಸಿಜಿ ನಾರ್ಮಲ್. ಗ್ಯಾಸ್ ಮಾತ್ರೆ ಸಾಕೇ ಎಂದಿದ್ದೀರಿ. ಸಾಲದು. ಶ್ರಮಕ್ಕೆ ಬಂದು ವಿಶ್ರಾಂತಿಗೆ ಹೋಗುವ ತೊಂದರೆ ಎಂದರೆ ಮೊದಲು ಹೃದಯವನ್ನೇ ಅನುಮಾನಿಸಬೇಕು. ಮಲಗಿಸಿ ತೆಗೆದ ಇಸಿಜಿ ಆ ಕೆಲವು ಸೆಕೆಂಡುಗಳ ಕಥೆ ಮಾತ್ರ ಹೇಳುತ್ತದೆ. ಸಕ್ಕರೆ ಕಾಯಿಲೆಯಲ್ಲಿ ನರಗಳು ಮಂದವಾಗಿ ಎದೆನೋವೇ ಬಾರದಿರಬಹುದು.

ಈ ವಾರವೇ ಹೃದ್ರೋಗ ತಜ್ಞರಿಗೆ ತೋರಿಸಿ. ಟ್ರೆಡ್‌ಮಿಲ್ ಪರೀಕ್ಷೆ ಹೆಂಗಸರಲ್ಲಿ ತಪ್ಪು ಪಾಸಿಟಿವ್ ಕೊಡುವುದು, ಅಂದರೆ ಇಲ್ಲದ ಕಾಯಿಲೆ ಇದೆ ಎಂದು ತೋರಿಸುವುದು ಹೆಚ್ಚು. ಸ್ಟ್ರೆಸ್ ಎಕೋ (ಹೃದಯಕ್ಕೆ ಶ್ರಮ ಕೊಟ್ಟು ಮಾಡುವ ಸ್ಕ್ಯಾನ್) ಅಥವಾ ಸಿಟಿ ಆಂಜಿಯೋ (ಹೃದಯದ ರಕ್ತನಾಳಗಳ ಸ್ಕ್ಯಾನ್) ಆಗುತ್ತದೆಯೇ ಕೇಳಿ. ಆಂಜಿಯೋದಲ್ಲಿ ದೊಡ್ಡ ರಕ್ತನಾಳಗಳು ಸ್ವಚ್ಛವಾಗಿ ಕಂಡರೂ ಕಣ್ಣಿಗೆ ಕಾಣದ ಸಣ್ಣ ನಾಳಗಳಲ್ಲಿ ತೊಂದರೆ ಇರಬಹುದು, ಇದು ಹೆಂಗಸರಲ್ಲೇ ಜಾಸ್ತಿ. ಬಸಿರಿನಲ್ಲಿ ಬಿಪಿ ಏರಿತ್ತೇ, ಮುಟ್ಟು 45ಕ್ಕೆ ಮುಂಚೆಯೇ ನಿಂತಿತೇ, ಇದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಎರಡೂ ಅಪಾಯ ಹೆಚ್ಚಿಸುತ್ತವೆ.

ಬಿಪಿ 130/80ರೊಳಗೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 70ರೊಳಗೆ ಇರಲಿ ಎಂದೇ ಇಂಥ ಸಕ್ಕರೆ ಕಾಯಿಲೆಯವರಿಗೆ ಸಾಮಾನ್ಯ ಗುರಿ. ದಿನದ ಉಪ್ಪು ಒಂದು ಟೀ ಚಮಚ ದಾಟದಿರಲಿ, ಉಪ್ಪಿನಕಾಯಿ, ಹಪ್ಪಳದ್ದೂ ಸೇರಿ. ವ್ಯಾಯಾಮದ ನಡಿಗೆ ಶುರುಮಾಡುವುದು ಹೃದಯದ ಪರೀಕ್ಷೆ ಮುಗಿದ ಮೇಲೆ.

ಕೂತಾಗಲೂ ನೋವು ಹತ್ತು ನಿಮಿಷ ದಾಟಿದರೆ, ತಣ್ಣನೆ ಬೆವರು, ವಾಂತಿ ಬಂದರೆ 108ಕ್ಕೆ ಕರೆ ಮಾಡಿ. ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಬೇಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ ಆಸ್ಪಿರಿನ್ 300 ಮಿ.ಗ್ರಾಂ. ಅಗಿಯಲು ಕೊಡಬಹುದೇ ಎಂದು ಆ ಕರೆಯಲ್ಲೇ ಕೇಳಿ. ಆಸ್ಪತ್ರೆಯಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ) ಒಂದೇ ಸಲ ಮಾಡಿ ಕಳಿಸಿದರೆ ಇಷ್ಟೇ ಸಾಕೇ ಎಂದು ಕೇಳಿ, ಸಾಮಾನ್ಯವಾಗಿ ಕೆಲವು ಗಂಟೆ ಬಿಟ್ಟು ಮತ್ತೆ ನೋಡಬೇಕಾಗುತ್ತದೆ.