ಟ್ರೇಡ್ ಲೈಸೆನ್ಸ್ ಇದ್ದರೂ ನೋಟಿಸ್ ಏಕೆ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಮನೆಯ ನೆಲಮಹಡಿಯಲ್ಲಿ 2003ರಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದೇವೆ. ಟ್ರೇಡ್ ಲೈಸೆನ್ಸ್ ಇದೆ, ವಾಣಿಜ್ಯ ದರದಲ್ಲೇ ತೆರಿಗೆ ಕಟ್ಟಿದ್ದೇವೆ. ಈಗ ‘ವಸತಿ ವಲಯ, ನಿಲ್ಲಿಸಿ’ ಎಂದು ನೋಟಿಸ್ ಬಂದಿದೆ. ಇಷ್ಟು ಹಳೆಯದನ್ನು ಮುಚ್ಚಿಸಬಹುದೇ?

ಉತ್ತರ: ಮುಚ್ಚಿಸಬಹುದು. ಇದೇ ಪ್ರಶ್ನೆ ಎಷ್ಟು ಸಲ ಬಂದರೂ ಉತ್ತರ ಬದಲಾಗದು. ಲೈಸೆನ್ಸ್ ಕೊಡುವುದು ಆರೋಗ್ಯ ವಿಭಾಗ, ತೆರಿಗೆ ವಸೂಲಿ ಕಂದಾಯ ವಿಭಾಗದ್ದು, ಮೀಟರ್ ಬೆಸ್ಕಾಂನದ್ದು. ಭೂ ಉಪಯೋಗ, ಅಂದರೆ ಜಾಗ ವಾಸಕ್ಕೋ ವ್ಯಾಪಾರಕ್ಕೋ ಎಂಬುದನ್ನು ಬದಲಿಸುವ ಅಧಿಕಾರ ಇವುಗಳಲ್ಲಿ ಯಾವುದಕ್ಕೂ ಇಲ್ಲ. ಅಕ್ರಮ ಕಟ್ಟಡದಿಂದಲೂ ತೆರಿಗೆ ವಸೂಲಿ ಮಾಡಬಹುದು, ಆದರೆ ಅದರಿಂದ ಸಕ್ರಮದ ಹಕ್ಕು ಹುಟ್ಟದು. ‘ಇಷ್ಟು ವರ್ಷ ಸುಮ್ಮನಿದ್ದರಲ್ಲ’ ಎಂಬ ವಾದವನ್ನೂ ನೆಚ್ಚಬೇಡಿ.

ನಿಮ್ಮ ಕೈ ಹಿಡಿಯಬಹುದಾದ ಪ್ರಶ್ನೆ ಒಂದೇ: ಶುರುವಾದ ದಿನ ಗಿರಣಿ ನಿಯಮಬದ್ಧವಾಗಿತ್ತೇ? ನಗರದ ಯಾವ ಜಾಗ ಯಾವ ವಲಯ ಎಂದು ಗುರುತಿಸುವ ‘ಪರಿಷ್ಕೃತ ಮಹಾಯೋಜನೆ 2015’ಕ್ಕೆ ಮಂಜೂರಾತಿ ಸಿಕ್ಕಿದ್ದು 2007ರಲ್ಲಿ. ಗಿರಣಿ ಅದಕ್ಕಿಂತ ಹಿಂದಿನದು ಎಂದು ನಿಶ್ಚಿಂತರಾಗಬೇಡಿ. 2003ರಲ್ಲಿ ಜಾರಿಯಲ್ಲಿದ್ದದ್ದು 1995ರ ಯೋಜನೆ. ಅದರಲ್ಲಿ ನಿಮ್ಮ ಜಾಗ ಯಾವ ವಲಯದಲ್ಲಿತ್ತು, ಆ ವಲಯದಲ್ಲಿ ಗಿರಣಿಗೆ ಅವಕಾಶವಿತ್ತೇ, ಇದ್ದರೆ ಎಷ್ಟು ಎಚ್‌ಪಿ (ಅಶ್ವಶಕ್ತಿ) ಮೋಟಾರಿನವರೆಗೆ ಎಂದು ನೋಡಬೇಕು. ನಗರದ ಯೋಜನಾ ಪ್ರಾಧಿಕಾರದಲ್ಲಿ ಸೈಟ್ ನಂಬರು, ಸರ್ವೆ ನಂಬರು ಕೊಟ್ಟು ಎರಡೂ ಯೋಜನೆಗಳ ಭೂ ಉಪಯೋಗದ ದೃಢೀಕೃತ ಪ್ರತಿ ಪಡೆಯಿರಿ. ಮಂಜೂರಾದ ನಕ್ಷೆ ತೆಗೆದು ನೋಡಿ. ಅದರಲ್ಲಿ ನೆಲಮಹಡಿ ‘ಕಾರು ನಿಲುಗಡೆ’ ಎಂದಿದ್ದರೆ ಅದು ಇನ್ನೊಂದು ಉಲ್ಲಂಘನೆ. ಸೈಟು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹಂಚಿದ್ದಾದರೆ ವಾಸಕ್ಕೆ ಮಾತ್ರ ಎಂಬ ಷರತ್ತು ಪತ್ರದಲ್ಲಿದೆಯೇ ಎಂದೂ ಓದಿ.

ಹಳೆಯ ಉದ್ಯೋಗ ಎಂದು ಕೇಳಿಕೊಳ್ಳುವುದಾದರೆ ಅದು ಅಂದಿನ ಉದ್ಯೋಗ, ಅಂದಿನ ಅಳತೆಗೆ ಮಾತ್ರ. ಜನ ಎಡವುವುದು ಇಲ್ಲೇ. 5 ಎಚ್‌ಪಿ ಮೋಟಾರು 10 ಆಗಿರುತ್ತದೆ, ಸೆಟ್‌ಬ್ಯಾಕ್‌ನಲ್ಲಿ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಶೀಟು ಹೊದಿಸಿ ಖಾರದಪುಡಿ ಯಂತ್ರ ಕೂರಿಸಿರುತ್ತಾರೆ. ನಿಮ್ಮ ವಿದ್ಯುತ್ ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ಒಂದೇ ಸಾಕು, ವಿಸ್ತರಣೆ ಸಾಬೀತಾಗುತ್ತದೆ. ಹೆಚ್ಚುವರಿ ಭಾಗವನ್ನು ಮೊದಲು ತೆಗೆಸಿ, ಫೋಟೊ ಇಟ್ಟುಕೊಂಡು, ನೋಟಿಸಿನ ಪ್ರತಿ ಆರೋಪಕ್ಕೂ ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆಗೆ ಕಡತದಲ್ಲಿ ಜಾಗವಿಲ್ಲ.

ರಸ್ತೆಯ ಅಗಲವನ್ನೂ ಅಳೆಯಿರಿ. ಡಾಂಬರಿನ ಅಂಚಿನಿಂದ ಅಂಚಿಗಲ್ಲ, ಚರಂಡಿ, ಕಾಲುದಾರಿ ಸೇರಿಸಿ ಎರಡೂ ಬದಿಯ ಗಡಿಯವರೆಗೆ, ರಸ್ತೆಗೆ ಅಡ್ಡಲಾಗಿ ನೇರವಾಗಿ ಟೇಪು ಹಿಡಿಯಬೇಕು. ವಸತಿ ವಲಯದಲ್ಲಿ ಏನು ನಡೆಯಬಹುದು ಎಂಬುದು ಬಹಳಷ್ಟು ಸಲ ಆ ಅಳತೆಯ ಮೇಲೆ ನಿಂತಿರುತ್ತದೆ.

ಕೊನೆಯ ದಾರಿ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಡಿ ಭೂ ಉಪಯೋಗ ಬದಲಾವಣೆ. ಇದಕ್ಕೆ ಸಾರ್ವಜನಿಕ ಹಿತ ತೋರಿಸಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು, ಶುಲ್ಕ ಬೇರೆ. ಒಂಟಿ ಮನೆಯ ಗಿರಣಿಗೆ ಇದು ಸಿಗುವ ಭರವಸೆ ನಾನಂತೂ ಕೊಡೆ. ಈಗಲೇ ಬೇರೆ ಮಳಿಗೆ ಹುಡುಕಲು ಶುರುಮಾಡಿ.

ಪ್ರಶ್ನೆ: ಎರಡು ಲಕ್ಷ ಕೊಟ್ಟರೆ ಖಾತೆಯಲ್ಲೇ ‘ಕಮರ್ಷಿಯಲ್’ ಮಾಡಿಸುತ್ತೇನೆಂದು ಏಜೆಂಟ್ ಹೇಳುತ್ತಾನೆ.

ಉತ್ತರ: ವಂಚನೆ. ಖಾತೆ ತೆರಿಗೆಯ ದಾಖಲೆ, ಅದರಲ್ಲಿ ಏನು ಬರೆಸಿದರೂ ವಲಯ ಬದಲಾಗದು.

ಪ್ರಶ್ನೆ: ಡಿಸಿ ಕನ್ವರ್ಷನ್ ಆಗಿದೆ, ಸಾಲದೇ?

ಉತ್ತರ: ಅದು ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಜಿಲ್ಲಾಧಿಕಾರಿಯ ಆದೇಶ. ವಾಸಕ್ಕೆಂದು ಆಗಿದ್ದರೆ ಅಂಗಡಿಗೆ ಸಾಲದು.

ಪ್ರಶ್ನೆ: ಅಕ್ರಮ-ಸಕ್ರಮಕ್ಕೆ ಕಾಯಬಹುದೇ?

ಉತ್ತರ: ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡ ಸಕ್ರಮಗೊಳಿಸುವ ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕಾಯುತ್ತ ಕೂತು ನೋಟಿಸಿನ ಗಡುವು ಕಳೆದುಕೊಳ್ಳಬೇಡಿ.

ಪ್ರಶ್ನೆ: ಪಕ್ಕದ ಮನೆಯಲ್ಲಿ ರಾತ್ರಿ ಹನ್ನೊಂದಾದರೂ ಗ್ರಿಲ್ ಕೊಯ್ಯುತ್ತಾರೆ. ಏನು ಮಾಡಲಿ?

ಉತ್ತರ: ಎರಡು ದೂರು ಕೊಡಿ, ಒಂದರಲ್ಲಿ ಎರಡನ್ನೂ ಬೆರೆಸಬೇಡಿ. ಭೂ ಉಪಯೋಗದ್ದು ಪಾಲಿಕೆಗೆ, ಸದ್ದಿನದು ಪೊಲೀಸರಿಗೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬಲ್. ದಿನಾಂಕ, ಗಂಟೆ ಬರೆದಿಟ್ಟುಕೊಳ್ಳಿ.