ಡೈವಿಂಗ್ ಪತ್ರಿಕೆಗಳ ವಿಮರ್ಶೆ ನಂಬಿ ರೆಗ್ಯುಲೇಟರ್ ಕೊಳ್ಳಬಹುದೇ?

ಮೂರು ಪತ್ರಿಕೆಗಳ ವಿಮರ್ಶೆ ಮುಂದಿಟ್ಟುಕೊಂಡು ಅಂಕಗಳ ಪಟ್ಟಿ ಮಾಡಿದ್ದೇನೆ, ಮೊದಲ ಸ್ಥಾನದಲ್ಲಿರುವ ರೆಗ್ಯುಲೇಟರನ್ನು (ಸಿಲಿಂಡರಿನ ಗಾಳಿಯನ್ನು ನೀರಿನಡಿ ಉಸಿರಾಡಲು ಒದಗಿಸುವ ಸಾಧನ) ವಿದೇಶದಿಂದ ತರಿಸಲೇ, ಜಾಹೀರಾತು ಹಾಕುವ ಪತ್ರಿಕೆಗಳ ವಿಮರ್ಶೆಯನ್ನು ನಂಬಬಹುದೇ ಎಂದು ಕೇಳಿದ್ದೀರಿ. ನಾನೂ 2017ರಲ್ಲಿ ಇಂಥದೇ ಪಟ್ಟಿ ಮಾಡಿದ್ದೆ. ಆ ನೋಟ್‌ಬುಕ್ ಇವತ್ತಿಗೂ ಜಯನಗರದ ಮನೆಯ ಕಪಾಟಿನಲ್ಲಿದೆ.

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ ಎಂಬ ಡೈವಿಂಗಿನ ಆರಂಭಿಕ ಕೋರ್ಸ್ ಮುಗಿಸಿ ಬಂದ ಹೊಸತು. ನಮ್ಮೂರಲ್ಲಿ ಸಮುದ್ರವಿಲ್ಲ, ಹಾಗಾಗಿ ವಾರವಿಡೀ ಡೈವಿಂಗ್ ಬಗ್ಗೆ ಓದುವುದೇ ಕೆಲಸ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಸಿಕ್ಕ ವಿದೇಶಿ ಡೈವಿಂಗ್ ಪತ್ರಿಕೆಗಳನ್ನೆಲ್ಲ ಹೊತ್ತು ತಂದೆ. ಉಸಿರಾಟದ ಶ್ರಮ ಎಷ್ಟು ಜೌಲ್, ತೂಕ ಎಷ್ಟು ಗ್ರಾಂ, ತಣ್ಣೀರಿನಲ್ಲಿ ಹೇಗೆ, ಎಷ್ಟು ಸ್ಟಾರ್ ಅಂತ ಗೆರೆ ಹೊಡೆದು ತುಂಬಿಸಿದೆ. ಎಲ್ಲ ಕಾಲಮ್ಮಿನಲ್ಲೂ ಗೆದ್ದ ಒಂದು ರೆಗ್ಯುಲೇಟರ್ ಇತ್ತು. ಅಮೆರಿಕದಿಂದ ಬರುತ್ತಿದ್ದ ಚಿಕ್ಕಪ್ಪನ ಮಗನ ಕೈಲಿ ಅದನ್ನೇ ತರಿಸಿಕೊಂಡೆ. ಆಗ ನಲವತ್ತೆಂಟು ಸಾವಿರ ಆಯಿತು.

ವಿಮರ್ಶೆ ಸುಳ್ಳು ಹೇಳಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬರೆದ ಹಾಗೆಯೇ ಸಲೀಸಾಗಿ ಉಸಿರು ಕೊಡುತ್ತಿತ್ತು. ತಪ್ಪು ನನ್ನದು. ವಿಮರ್ಶೆಯ ಕೊನೆಯಲ್ಲಿ, ಬೆಲೆ ಮತ್ತು ತೂಕದ ಕೆಳಗೆ, ಸರ್ವೀಸನ್ನು ಕಂಪನಿಯ ಅಧಿಕೃತ ತಂತ್ರಜ್ಞರೇ ಮಾಡಬೇಕು ಎಂಬ ಒಂದು ಸಾಲಿತ್ತು. ಅದನ್ನು ಓದಿದ್ದೆ, ಅರ್ಥವೂ ಆಗಿತ್ತು. ಆದರೆ ಅದಕ್ಕೊಂದು ಕಾಲಮ್ ಹಾಕಲಿಲ್ಲ.

ಆ ಸಾಲು ಯಾಕೆ ಮುಖ್ಯ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕು. ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ಇರುತ್ತದೆ. ಸಿಲಿಂಡರಿಗೆ ಕಚ್ಚಿಕೊಳ್ಳುವ ಫಸ್ಟ್ ಸ್ಟೇಜ್ ಅದನ್ನು, ಸುತ್ತಲಿನ ನೀರಿನ ಒತ್ತಡಕ್ಕಿಂತ ಒಂಬತ್ತು ಹತ್ತು ಬಾರ್ ಮಾತ್ರ ಹೆಚ್ಚಿರುವಂತೆ ಇಳಿಸಿ ಮೆದುಗೊಳವೆಗೆ ಬಿಡುತ್ತದೆ. ಆ ಕೆಲಸ ಮಾಡುವುದು ಸೀಟ್ ಎಂದು ಕರೆಯುವ ಒಂದು ಪುಟ್ಟ ಪ್ಲಾಸ್ಟಿಕ್ ಬಿಲ್ಲೆ. ನೀವು ಉಸಿರೆಳೆದಾಗ ಅದು ಲೋಹದ ಅಂಚಿನಿಂದ ಬಿಡಿಸಿಕೊಳ್ಳುತ್ತದೆ, ಉಸಿರು ನಿಲ್ಲಿಸಿದಾಗ ಮತ್ತೆ ಬಂದು ಕೂರುತ್ತದೆ. ನಿಮಿಷಕ್ಕೆ ಹದಿನೈದು ಉಸಿರು ಅಂದರೆ ನಲವತ್ತೈದು ನಿಮಿಷದ ಒಂದು ಡೈವಿಗೆ 675 ಸಲ. ನಲವತ್ತು ಡೈವಿಗೆ 27 ಸಾವಿರ ಸಲ. ಲೋಹದ ಅಂಚು ಪ್ಲಾಸ್ಟಿಕ್ಕಿನ ಮೇಲೆ ನಿಧಾನವಾಗಿ ಗೆರೆ ಕೊರೆಯುತ್ತದೆ. ಗೆರೆ ಆಳವಾದರೆ ಸೀಟ್ ಪೂರ್ತಿ ಮುಚ್ಚುವುದಿಲ್ಲ, ಗಾಳಿ ಸೋರಿ ಮೆದುಗೊಳವೆಯಲ್ಲಿ ಒತ್ತಡ ಏರುತ್ತಲೇ ಹೋಗುತ್ತದೆ. ಮೆದುಗೊಳವೆ ಒಡೆಯಬಾರದೆಂದು ಬಾಯಿಗೆ ಕಚ್ಚುವ ಸೆಕೆಂಡ್ ಸ್ಟೇಜ್ ತಾನಾಗಿ ತೆರೆದು ಗಾಳಿ ಹೊರಬಿಡುತ್ತದೆ. ಹೀಗೆ ಗಾಳಿ ತಡೆಯಿಲ್ಲದೆ ಹರಿಯುವುದಕ್ಕೆ ಫ್ರೀ ಫ್ಲೋ ಅನ್ನುತ್ತಾರೆ. ಇನ್ನೂ ಒಂದಿದೆ: ಬಳಸದೆ ಇಟ್ಟಾಗ ಸೆಕೆಂಡ್ ಸ್ಟೇಜಿನ ಸೀಟನ್ನು ಸ್ಪ್ರಿಂಗ್ ಸದಾ ಅಂಚಿಗೆ ಒತ್ತಿ ಹಿಡಿದಿರುತ್ತದೆ. ಮಳೆಗಾಲದಲ್ಲಿ ನೇತ್ರಾಣಿಗೆ ಬೋಟ್ ಹೋಗುವುದಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ರೆಗ್ಯುಲೇಟರ್‌ಗಳು ಕಪಾಟಿನಲ್ಲಿ ಕುಳಿತೇ ಸವೆಯುತ್ತವೆ.

ಇದಕ್ಕೆಲ್ಲ ಮದ್ದು ಸರ್ವೀಸ್ ಕಿಟ್. ನಾಲ್ಕಾರು ಓ ರಿಂಗ್ ಎಂಬ ರಬ್ಬರ್ ಬಳೆಗಳು, ಹೊಸ ಸೀಟುಗಳು, ಅಷ್ಟೇ. ಆದರೆ ಪ್ರತಿ ಮಾಡೆಲ್‌ಗೂ ಕಿಟ್ ಬೇರೆ, ಮತ್ತು ಹೆಚ್ಚಿನ ಕಂಪನಿಗಳು ತಮ್ಮಲ್ಲಿ ತರಬೇತಿ ಪಡೆದವರಿಗೆ ಮಾತ್ರ ಕಿಟ್ ಕೊಡುತ್ತವೆ. ಒಂದು ವರ್ಷ ಕಳೆದ ಮೇಲೆ ನಾನು ಬೆಂಗಳೂರು, ಮುರುಡೇಶ್ವರ, ಪುದುಚೇರಿ, ಅಂಡಮಾನಿನ ಹ್ಯಾವ್‌ಲಾಕ್ ಎಲ್ಲ ಕಡೆಯ ಡೈವಿಂಗ್ ಕೇಂದ್ರಗಳಿಗೂ ಫೋನ್ ಮಾಡಿದೆ. ನಾನು ಕೇಳಿದ ಯಾರ ಬಳಿಯೂ ಆ ಬ್ರ್ಯಾಂಡಿನ ಕಿಟ್ ಇರಲಿಲ್ಲ. ಆಗಲಾದರೂ ಅದನ್ನು ಮೂಲೆಗಿಡಬೇಕಿತ್ತು. ವಿಮರ್ಶೆಯಲ್ಲಿ ಗಟ್ಟಿಮುಟ್ಟು ಎಂಬ ಮಾತಿಗೆ ಪೂರ್ತಿ ಅಂಕ ಕೊಟ್ಟಿದ್ದರಲ್ಲ, ಇನ್ನೊಂದು ಸೀಸನ್ ನಡೆಯುತ್ತದೆ ಅಂದುಕೊಂಡೆ. ಪತ್ರಿಕೆಯವರು ಪರೀಕ್ಷಿಸಿದ್ದು ಡಬ್ಬಿಯಿಂದ ಆಗಷ್ಟೇ ತೆಗೆದ ಹೊಸ ಪೀಸು, ಅದೂ ಕೆಲವೇ ದಿನ. ನನ್ನ ಕೈಲಿದ್ದದ್ದು ಮೂರನೇ ಸೀಸನ್ನಿಗೆ ಕಾಲಿಟ್ಟ, ಒಮ್ಮೆಯೂ ಬಿಚ್ಚದ ಪೀಸು. ಎರಡೂ ಒಂದೇ ವಸ್ತು ಅಂತ ನಂಬಿದ್ದೆ.

2019ರ ನವೆಂಬರ್. ಅಕ್ಕನ ಮಗ ಸರ್ಟಿಫಿಕೇಟ್ ಪಡೆದ ಮೇಲಿನ ಮೊದಲ ಡೈವ್, ನೀರಿನಡಿ ಅವನ ಜೊತೆಗಾರ (ಡೈವಿಂಗಿನಲ್ಲಿ 'ಬಡ್ಡಿ' ಅನ್ನುತ್ತಾರೆ) ನಾನೇ. ಬೋಟಿನಲ್ಲಿ ಸಿಲಿಂಡರ್ ತೆರೆದಾಗ ಸೆಕೆಂಡ್ ಸ್ಟೇಜಿನಿಂದ ಸಣ್ಣಗೆ ಸುಯ್ ಅಂತ ಸದ್ದು. ಅದರ ಮೇಲಿನ, ಗಾಳಿ ಹೊರಬಿಡುವ ಗುಂಡಿಯನ್ನು ಒಂದೆರಡು ಸಲ ಒತ್ತಿದೆ, ನಿಂತಿತು. ಇಳಿದೆವು. ಹದಿನಾರು ಮೀಟರಿನಲ್ಲಿ ಇದ್ದಕ್ಕಿದ್ದಂತೆ ಬಾಯೊಳಗೆ ಗಾಳಿ ನುಗ್ಗತೊಡಗಿತು. ಗುಳ್ಳೆಗಳ ಮಧ್ಯೆ ಅವನ ಮುಖವೇ ಕಾಣಿಸುತ್ತಿಲ್ಲ. ಕೋರ್ಸಿನಲ್ಲಿ ಕಲಿಸಿದಂತೆ ತುಟಿ ಬಿಗಿಹಿಡಿಯದೆ ಗಾಳಿಯನ್ನು ಹೀರಿಕೊಳ್ಳುತ್ತಾ, ಅವನ ಮಣಿಕಟ್ಟು ಹಿಡಿದು ಮೇಲಕ್ಕೆ ಸನ್ನೆ ಮಾಡಿದೆ. ಸಿಲಿಂಡರಿನ ಗೇಜ್ 110 ಬಾರ್‌ನಲ್ಲಿತ್ತು, ನೀರಿನ ಮೇಲೆ ತಲೆ ಎತ್ತುವಾಗ 40. ಮೇಲೇರುವಾಗ ಸುರಕ್ಷತೆಗೆಂದು ಐದು ಮೀಟರಿನಲ್ಲಿ ನಿಲ್ಲಬೇಕಿದ್ದ ಮೂರು ನಿಮಿಷ ನಿಲ್ಲಲಾಗಲಿಲ್ಲ.

ಇಬ್ಬರಿಗೂ ಏನೂ ಆಗಲಿಲ್ಲ. ಬೋಟಿನಲ್ಲಿ ಇನ್‌ಸ್ಟ್ರಕ್ಟರ್ ಫಸ್ಟ್ ಸ್ಟೇಜಿಗೆ ಒತ್ತಡದ ಗೇಜ್ ಹಾಕಿ ನೋಡಿದರು. ಮುಳ್ಳು ಒಂಬತ್ತೂವರೆ ಬಾರ್‌ಗೆ ನಿಲ್ಲಬೇಕು, ಹನ್ನೊಂದು ದಾಟಿ ಹನ್ನೆರಡರತ್ತ ತೆವಳುತ್ತಲೇ ಇತ್ತು. "ಸೀಟ್ ಹೋಗಿದೆ ಸರ್. ಇದರ ಕಿಟ್ ನಿಮಗೆ ಎಲ್ಲಿ ಸಿಗ್ತದೆ?" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ಎರಡನೇ ಡೈವಿಗೆ ಅವರದೇ ಬಾಡಿಗೆ ರೆಗ್ಯುಲೇಟರ್ ಕೊಟ್ಟರು. ಬಣ್ಣ ಮಾಸಿದ ಸಾದಾ ಪಿಸ್ಟನ್ ಮಾಡೆಲ್, ಯಾವ ಪತ್ರಿಕೆಯ ಪಟ್ಟಿಯಲ್ಲೂ ಮೇಲೆ ಬರುವಂಥದ್ದಲ್ಲ. ನಲವತ್ತು ನಿಮಿಷ ಅದರಲ್ಲೇ ಉಸಿರಾಡಿದೆ, ನನ್ನದಕ್ಕೂ ಅದಕ್ಕೂ ವ್ಯತ್ಯಾಸವೇ ತಿಳಿಯಲಿಲ್ಲ. ಅಕ್ಕನ ಮಗ ಮಾತ್ರ ಆ ಡೈವಿಗೆ ಇಳಿಯಲಿಲ್ಲ. "ನೀವು ಹೋಗಿ ಬನ್ನಿ ಮಾಮ" ಅಂತ ಬೋಟಿನಲ್ಲೇ ಕೂತ. ಅವನು ಮತ್ತೆ ನೀರಿಗೆ ಇಳಿಯಲು ಎರಡು ವರ್ಷ ಹಿಡಿಯಿತು. ನಲವತ್ತೆಂಟು ಸಾವಿರಕ್ಕಿಂತ ಅದು ನನಗೆ ದೊಡ್ಡ ನಷ್ಟ.

ಯಾಕೆ ವ್ಯತ್ಯಾಸ ತಿಳಿಯಲಿಲ್ಲ ಅಂದರೆ ಪರೀಕ್ಷೆ ನಡೆಯುವುದೇ ಬೇರೆ ಸ್ಥಿತಿಯಲ್ಲಿ. ಯುರೋಪಿನ ಇಎನ್ 250 ಮಾನದಂಡದಲ್ಲಿ ರೆಗ್ಯುಲೇಟರನ್ನು 50 ಮೀಟರ್ ಆಳದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರ್ ಗಾಳಿ ಎಳೆಯುವ ಯಂತ್ರಕ್ಕೆ ಕಟ್ಟುತ್ತಾರೆ. ಉಸಿರಾಟದ ಶ್ರಮ ಲೀಟರಿಗೆ 3 ಜೌಲ್ ದಾಟಬಾರದು. ಪತ್ರಿಕೆಗಳು ಮುದ್ರಿಸುವ ಅಂಕಿಗಳೂ ಹೆಚ್ಚಾಗಿ ಇಂಥ ಯಂತ್ರದವು, ಆ ಅಂಕಿಗಳನ್ನು ನಾನು ನಂಬುತ್ತೇನೆ. ಆದರೆ ಓಪನ್ ವಾಟರ್ ಡೈವರಿಗೆ ಮಿತಿ 18 ಮೀಟರ್, ಅಲ್ಲಿಯ ಗಾಳಿಯ ಸಾಂದ್ರತೆ 50 ಮೀಟರಿನದರ ಅರ್ಧವೂ ಇಲ್ಲ. ನೆಮ್ಮದಿಯಾಗಿ ಈಜುವವರು ನಿಮಿಷಕ್ಕೆ ಹದಿನೈದಿಪ್ಪತ್ತು ಲೀಟರ್ ಎಳೆಯಬಹುದು. ತಣ್ಣೀರಿನ ಪರೀಕ್ಷೆ 10 ಡಿಗ್ರಿಗಿಂತ ಕಡಿಮೆ ನೀರಿಗೆ. ನಮ್ಮ ಕರಾವಳಿಯ ಬೆಚ್ಚನೆಯ ನೀರಿನಲ್ಲಿ ಆ ಕಾಲಮ್ಮಿಗೆ ಕೆಲಸವೇ ಇಲ್ಲ.

ಜಾಹೀರಾತಿನ ಪ್ರಶ್ನೆ ನೀವೂ ಎತ್ತಿದ್ದೀರಿ. ಅದು ಇದ್ದೇ ಇದೆ. ವಿಮರ್ಶೆಗೆ ಪೀಸು ಕಳಿಸುವವರೇ ಎದುರು ಪುಟದ ಜಾಹೀರಾತಿಗೆ ದುಡ್ಡು ಕೊಡುವವರಾಗಿದ್ದರೆ ಪದಗಳು ಮೆದುವಾಗುತ್ತವೆ. ಅದಕ್ಕೇ ಅಮೆರಿಕದ ಅಂಡರ್‌ಕರೆಂಟ್ ಎಂಬ ಡೈವಿಂಗ್ ಪತ್ರಿಕೆ 1975ರಿಂದ ಜಾಹೀರಾತಿಲ್ಲದೆ ಚಂದಾ ಹಣದಲ್ಲೇ ನಡೆದುಕೊಂಡು ಬಂದಿದೆ. ಆದರೆ ಅತ್ಯಂತ ಪ್ರಾಮಾಣಿಕ ವಿಮರ್ಶಕನಿಗೂ ನಿಮ್ಮ ಊರಿನಲ್ಲಿ ಅದನ್ನು ಬಿಚ್ಚಿ ಜೋಡಿಸುವವರು ಇದ್ದಾರೋ ಇಲ್ಲವೋ ಗೊತ್ತಿರುವುದಿಲ್ಲ. ಹಾಗಾಗಿ ನಂಬಬಹುದೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪತ್ರಿಕೆ ಮುಚ್ಚಿಟ್ಟು, ನೀವು ಯಾರ ಬೋಟಿನಲ್ಲಿ ಡೈವ್ ಮಾಡುತ್ತೀರೋ ಅವರಿಗೆ ಫೋನ್ ಮಾಡಿ. ಯಾವ ಬ್ರ್ಯಾಂಡಿನ ಕಿಟ್ ಈಗ, ಇವತ್ತು, ನಿಮ್ಮ ಕಪಾಟಿನಲ್ಲಿದೆ ಅಂತ ಕೇಳಿ. ತರಿಸಿಕೊಡುತ್ತೇವೆ ಅಂದರೆ ಆ ಬ್ರ್ಯಾಂಡ್ ಬಿಟ್ಟುಬಿಡಿ. ಮಾಸ್ಕ್, ಕಾಲಿಗೆ ಹಾಕುವ ಫಿನ್‌ಗಳ ವಿಮರ್ಶೆ ಓದುವುದೇ ಬೇಡ. ತಲೆಯ ಹಿಂದಿನ ಪಟ್ಟಿ ಹಾಕಿಕೊಳ್ಳದೆ ಮಾಸ್ಕನ್ನು ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ, ಬೀಳದೆ ನಿಂತರೆ ಅದು ನಿಮ್ಮದು.

ನಾನು ಈಗ ಬಳಸುವುದು ಆ ಬಾಡಿಗೆ ರೆಗ್ಯುಲೇಟರಿನ ಕಂಪನಿಯದೇ ಸಾದಾ ಪಿಸ್ಟನ್ ಮಾಡೆಲ್. ಮೇ ತಿಂಗಳ ಕೊನೆಯ ಡೈವ್ ಮುಗಿದ ಕೂಡಲೇ ಮುರುಡೇಶ್ವರದಲ್ಲೇ ಬಿಟ್ಟು ಬರುತ್ತೇನೆ. ಅಕ್ಟೋಬರಿನಲ್ಲಿ ಹೋದಾಗ ಬದಲಾಯಿಸಿದ ಹಳೇ ಸೀಟನ್ನು ಚಿಕ್ಕ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೈಗೆ ಕೊಡುತ್ತಾರೆ. ಬೆಳಕಿಗೆ ಹಿಡಿದರೆ ಆ ಗೆರೆ ಕಾಣುತ್ತದೆ. ಕಳೆದ ಸಲ ಅದನ್ನು ಅಕ್ಕನ ಮಗನಿಗೂ ತೋರಿಸಿದೆ.