ಇಂಡಿಯಾ ಟೀಮಿಗೆ ಅಂತ 42,000 ಕೇಳಿದ್ದಾರಾ? ಕಟ್ಟಬೇಡಿ ಅಣ್ಣ

ಅಣ್ಣ, ನಿನ್ನೆ ರಾತ್ರಿ ನೀವು ಗುಂಪಿನಲ್ಲಿ ಹಾಕಿದ್ದನ್ನು ಎರಡು ಸಲ ಓದಿದೆ. ಮಗ 2012ರಲ್ಲಿ ಹುಟ್ಟಿದವನು, ಫುಟ್‌ಬಾಲ್ ಚೆನ್ನಾಗಿ ಆಡುತ್ತಾನೆ. ಯಾರೋ ಮುಳಬಾಗಿಲಿಗೇ ಬಂದು, 'ಅಂಡರ್-17 ಇಂಡಿಯಾ ಟೀಮಿನಲ್ಲಿ ನೇಪಾಳಕ್ಕೆ ಕರೆದುಕೊಂಡು ಹೋಗ್ತೀವಿ, ಸ್ಯಾಫ್ ಟೂರ್ನಿ, 42,000 ಕಟ್ಟಿ, ಶನಿವಾರ ಕಡೆ ದಿನ' ಅಂದಿದ್ದಾರೆ. ಟೊಮೆಟೊ ದುಡ್ಡು ಈಗಷ್ಟೇ ಕೈಗೆ ಬಂದಿದೆ, ಕಟ್ಟಲಾ ಬೇಡವಾ ಅಂತ ಕೇಳಿದ್ದೀರಿ.

ಕಟ್ಟಬೇಡಿ. ಬಾಕ್ಸ್‌ಗೆ 200 ಸಿಕ್ಕಿದರೂ ಅದು 210 ಬಾಕ್ಸ್ ಟೊಮೆಟೊ. ಯಾಕೆ ಬೇಡ ಅನ್ನೋದನ್ನು ನಿಧಾನವಾಗಿ ಓದಿ.

ನಮ್ಮ ಮನೆಯಲ್ಲೇ ಇದು ಆಗಿದೆ. ನನ್ನ ತಂಗಿ ಮಗನನ್ನು ಹೀಗೇ ಒಬ್ಬರು ಕರೆದುಕೊಂಡು ಹೋದರು. ಹೆಸರು ಬೇಡ ಬಿಡಿ. ಗೋರಖ್‌ಪುರದವರೆಗೆ ಸ್ಲೀಪರ್ ಕೋಚಿನಲ್ಲಿ ಎರಡು ರಾತ್ರಿ, ಅಲ್ಲಿಂದ ಬಸ್ಸು. ಮೂರು ದಿನದಲ್ಲಿ ಎರಡು ಮ್ಯಾಚು, ಅದೂ ಒಂದು ಸ್ಕೂಲ್ ಮೈದಾನದಲ್ಲಿ. ಎದುರಿಗೆ ಆಡಿದ 'ನೇಪಾಳ ತಂಡ' ಆ ಸ್ಕೂಲಿನದೇ ಹುಡುಗರು. ಕೊಟ್ಟ ನೀಲಿ ಜರ್ಸಿಯ ಬೆನ್ನ ಮೇಲೆ ಇಂಡಿಯಾ ಅಂತ ದಪ್ಪಕ್ಷರ ಇತ್ತು. ಮೊದಲ ಸಲ ಒಗೆದಾಗಲೇ ಕೊನೆಯ ಅಕ್ಷರ ಕಿತ್ತು ಬಂತು. ಅವನು ವಾಪಸ್ ಬಂದ ದಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿಸಿದ್ದು ಬೇರೆ ಯಾರೂ ಅಲ್ಲ, ನಾನೇ. ಮುಂದೆ ಕಾಲೇಜಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಅರ್ಜಿ ಹಾಕಿದಾಗ ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದರು. 'ಇದು ಯಾವ ಫೆಡರೇಷನ್ನಪ್ಪಾ?' ಅಂತ ಕೇಳಿ ವಾಪಸ್ ಕೊಟ್ಟರು. ಹುಡುಗ ಆ ಸರ್ಕಲ್ಲಿನ ದಾರಿಯಲ್ಲಿ ಹೋಗುವುದನ್ನೇ ಬಿಟ್ಟ. ದುಡ್ಡು ಹೋಗಿದ್ದಕ್ಕಿಂತ ನನಗೆ ಅದೇ ಜಾಸ್ತಿ ನೋವು.

ಸ್ಯಾಫ್ ಅನ್ನೋದು ಸುಳ್ಳಲ್ಲ, ಅದಕ್ಕೇ ಜನ ನಂಬುವುದು. ದಕ್ಷಿಣ ಏಷ್ಯಾದ ಏಳು ದೇಶಗಳ ಫುಟ್‌ಬಾಲ್ ಒಕ್ಕೂಟ ಅದು: ನಾವು, ನೇಪಾಳ, ಬಾಂಗ್ಲಾದೇಶ, ಭೂತಾನ್, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನ. ಹುಡುಗರ ಟೂರ್ನಿಯ ವಯಸ್ಸು ಮಾತ್ರ ಒಂದೇ ಥರ ಇರುವುದಿಲ್ಲ. 2019ರಲ್ಲಿ ಅಂಡರ್-15, 2023ರಲ್ಲಿ ಅಂಡರ್-16, 2024ರಲ್ಲಿ ಅಂಡರ್-17. ಈ ಮೂರನ್ನೂ ನಮ್ಮವರೇ ಗೆದ್ದರು. 2025ರಲ್ಲಿ ಕೊಲಂಬೊದಲ್ಲಿ ಬಾಂಗ್ಲಾ ಜೊತೆ ಫೈನಲ್ 2-2 ಆಗಿ ಪೆನಾಲ್ಟಿಯಲ್ಲಿ ಗೆದ್ದರು. ಆ ಹುಡುಗರು ಯಾರೂ ದುಡ್ಡು ಕಟ್ಟಿ ಹೋದವರಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕ್ಯಾಂಪಿಗೆ ಕರೆದು, ಸೋಸಿ, ಆಡುವವರ ಹೆಸರನ್ನು ತನ್ನ ವೆಬ್‌ಸೈಟಿನಲ್ಲೇ ಹಾಕುತ್ತದೆ. ಟಿಕೆಟ್ಟು, ಊಟ, ಹೋಟೆಲ್ ಅವರದೇ. ಇಂಡಿಯಾ ಟೀಮಿಗೆ ಫೀಸು ಅಂತ ಇಲ್ಲವೇ ಇಲ್ಲ.

ಸ್ಯಾಫ್ ಗೆದ್ದರೆ ಆಯಿತು ಅಂತಲೂ ಅಲ್ಲ. ಅದಕ್ಕಿಂತ ಮೇಲೆ ಇದೇ ವಯಸ್ಸಿನ ಹುಡುಗರ ಏಷ್ಯನ್ ಕಪ್ ಇದೆ, ನಿಜವಾದ ಏಟು ಬೀಳುವುದು ಅಲ್ಲಿ. 2018ರಲ್ಲಿ ಮಲೇಷ್ಯಾದಲ್ಲಿ ನಮ್ಮ ಅಂಡರ್-16 ಹುಡುಗರು ವಿಯೆಟ್ನಾಂ ಮೇಲೆ 1-0 ಗೆದ್ದು, ಇರಾನ್ ಮತ್ತು ಇಂಡೋನೇಷ್ಯಾ ಜೊತೆ 0-0 ಆಡಿ ಕ್ವಾರ್ಟರ್ ಫೈನಲಿಗೆ ಬಂದರು. ಅಲ್ಲಿ ದಕ್ಷಿಣ ಕೊರಿಯಾ 1-0 ಸೋಲಿಸಿತು. ಗೆದ್ದಿದ್ದರೆ ಅಂಡರ್-17 ವರ್ಲ್ಡ್ ಕಪ್ಪಿಗೆ ಹೋಗುತ್ತಿದ್ದರು. 2023ರಲ್ಲಿ ಜಪಾನ್ ನಮಗೆ ಎಂಟು ಗೋಲು ಹೊಡೆಯಿತು, ನಾವು ನಾಲ್ಕು ಹೊಡೆದೆವು. 2025ರ ನವೆಂಬರ್ 30ಕ್ಕೆ ಅಹಮದಾಬಾದಿನಲ್ಲಿ ಇರಾನನ್ನೇ 2-1 ಸೋಲಿಸಿ 2026ರ ಏಷ್ಯನ್ ಕಪ್ಪಿಗೆ ಅರ್ಹತೆ ಪಡೆದರು. ನಿಮ್ಮ ಮಗನಿಗೆ ಯೂಟ್ಯೂಬಿನಲ್ಲಿ ತೋರಿಸಬೇಕಾದ್ದು ಇಂಥ ಮ್ಯಾಚುಗಳನ್ನು. ಹಾಗೆಯೇ 2017ರ ಅಂಡರ್-17 ವರ್ಲ್ಡ್ ಕಪ್ಪಿನಲ್ಲಿ ಕೊಲಂಬಿಯಾ ಮೇಲೆ ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದ ಗೋಲು. ಫಿಫಾ ವರ್ಲ್ಡ್ ಕಪ್ಪುಗಳಲ್ಲಿ ಭಾರತದ ಮೊದಲ ಗೋಲು ಅದು. ಆ ಕಾರ್ನರ್ ಹೊಡೆದಿದ್ದು ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್.

ಈಗ ಲೆಕ್ಕ. ಅಂಡರ್-17 ಅಂದರೆ ಹುಟ್ಟಿದ ವರ್ಷ ನೋಡುತ್ತಾರೆ. 2026ರ ಏಷ್ಯನ್ ಕಪ್ಪಿಗೆ 2009ರ ಜನವರಿ 1 ಅಥವಾ ಆಮೇಲೆ ಹುಟ್ಟಿರಬೇಕು. ಅದೇ ಲೆಕ್ಕದಲ್ಲಿ 2012ರವನಿಗೆ 2029ರ ತನಕ ಅವಕಾಶ. ಶನಿವಾರದೊಳಗೆ ಏನೂ ಮುಗಿದು ಹೋಗುವುದಿಲ್ಲ.

ಆ ದುಡ್ಡಿನ ಬದಲು ಮೊದಲು ಕಾಗದ ಸರಿ ಮಾಡಿಸಿ. ನಮ್ಮ ಕಡೆ ಎಷ್ಟು ಮಕ್ಕಳ ಹುಟ್ಟಿದ ದಿನ ಜೂನ್ 1 ಅಂತ ಇದೆ ನೋಡಿ! ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದು. ಜನನ ಪ್ರಮಾಣಪತ್ರ, ಆಧಾರ್, ಸ್ಕೂಲ್ ದಾಖಲೆ ಮೂರರಲ್ಲೂ ಒಂದೇ ತಾರೀಖು, ಒಂದೇ ಸ್ಪೆಲ್ಲಿಂಗ್ ಇರಬೇಕು. ಯಾರಾದರೂ 'ಎರಡು ವರ್ಷ ಇಳಿಸಿಬಿಡಿ' ಅಂದರೆ ಕಿವಿ ಕೊಡಬೇಡಿ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಅಂಡರ್-17 ವರ್ಲ್ಡ್ ಕಪ್ಪಿನಲ್ಲಂತೂ 2009ರಿಂದ ಎಂಆರ್‌ಐ ಇದೆ. ಕಾಗದ ಸುಳ್ಳು ಹೇಳಬಹುದು, ಮೂಳೆ ಹೇಳಲ್ಲ.

ದಾರಿ ಯಾವುದು ಅಂದರೆ, ಮೊದಲು ಸ್ಕೂಲಿನ ಪಿ.ಟಿ. ಮಾಸ್ಟರನ್ನು ಹಿಡಿಯಿರಿ. ಇಲಾಖೆಯ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲು ಹತ್ತುತ್ತದೆ. ಕಷ್ಟ ಏನೆಂದರೆ ಎಷ್ಟೋ ಸ್ಕೂಲಿನಲ್ಲಿ ಕಬಡ್ಡಿ, ಖೋಖೋ, ಥ್ರೋಬಾಲ್ ಬಿಟ್ಟರೆ ಫುಟ್‌ಬಾಲ್ ಟೀಮೇ ಕಟ್ಟುವುದಿಲ್ಲ. ಹನ್ನೊಂದು ಹುಡುಗರನ್ನು ನೀವೇ ಒಟ್ಟು ಮಾಡಿ ಹೋಗಿ ನಿಂತರೆ ಮಾಸ್ಟರು ಇಲ್ಲ ಅನ್ನಲ್ಲ. ಸುಬ್ರೋತೊ ಕಪ್ ಬಗ್ಗೆಯೂ ಕೇಳಿ. 1960ರಿಂದ ನಡೆಯುತ್ತಿರುವ ಶಾಲಾ ಟೂರ್ನಿ, ವಾಯುಪಡೆಯವರು ನಡೆಸುವುದು.

ಆದರೆ ಸ್ಕೂಲ್ ಆಟ ಒಂದರಿಂದಲೇ ಆಗಲ್ಲ. ರಾಜ್ಯ ಫುಟ್‌ಬಾಲ್ ಸಂಸ್ಥೆಗೆ ಸೇರಿದ ಕ್ಲಬ್ಬಿನಲ್ಲಿ ಆಡಿ, ಫೆಡರೇಷನ್ನಿನ ಸಿಆರ್‌ಎಸ್ ಅನ್ನುವ ಆನ್‌ಲೈನ್ ನೋಂದಣಿಯಲ್ಲಿ ಅವನ ಹೆಸರು ಬರಬೇಕು. ಅಲ್ಲಿಂದ ಯೂತ್ ಲೀಗು, ಸಬ್ ಜೂನಿಯರ್ ರಾಜ್ಯ ತಂಡದ ಆಯ್ಕೆ. ಇಂಡಿಯಾ ಕ್ಯಾಂಪಿಗೆ ಹುಡುಗರನ್ನು ಗುರುತಿಸುವುದು ಇಂಥ ಕಡೆ. ಅದಕ್ಕೆ ಬೆಂಗಳೂರಿಗೆ ಓಡಾಡಲೇಬೇಕು, ಸುಳ್ಳು ಹೇಳಲ್ಲ. ಬಂಗಾರಪೇಟೆಯಿಂದ ಬೆಳಗಿನ ಟ್ರೈನು ಹಿಡಿದರೆ ಖರ್ಚು ಕಡಿಮೆ. ಸೀಟು ಮಾತ್ರ ಕೇಳಬೇಡಿ, ಮಾರಿಕುಪ್ಪಂನಿಂದಲೇ ತುಂಬಿಕೊಂಡು ಬರುತ್ತದೆ.

ಶನಿವಾರ ಆ ಮನುಷ್ಯ ಬಂದರೆ ಜಗಳ ಆಡಬೇಡಿ. ಸುಮ್ನೆ ಎರಡು ಮಾತು ಕೇಳಿ. ಹುಡುಗನ ಸಿಆರ್‌ಎಸ್ ಐಡಿ ಎಷ್ಟು? ಆಯ್ಕೆ ಪತ್ರ ಫೆಡರೇಷನ್ನಿನಿಂದ ಬಂದಿದೆಯಾ? ನನ್ನ ತಂಗಿ ಮನೆಗೆ ಬಂದವರು ಇಂಥದ್ದಕ್ಕೆ ಫೋನ್ ಬಂತು ಅಂತ ಹೊರಗೆ ಹೋದರು. ಆವತ್ತೇ ನನಗೆ ಗೊತ್ತಾಗಬೇಕಿತ್ತು.

ಭಾನುವಾರ ಬೆಳಿಗ್ಗೆ ಆರಕ್ಕೆ ಹುಡುಗನನ್ನು ಕರೆದುಕೊಂಡು ಕೆಜಿಎಫ್‌ಗೆ ಬನ್ನಿ. ಗಣಿ ಮುಚ್ಚಿದರೂ ಇಲ್ಲಿ ಚೆಂಡು ನಿಂತಿಲ್ಲ. ನಮ್ಮಪ್ಪನ ಜೊತೆ ಶಿಫ್ಟು ಮುಗಿಸಿ ಆಡುತ್ತಿದ್ದವರಲ್ಲಿ ಒಬ್ಬರು ಈಗಲೂ ಬಂದು ಗೆರೆಯಾಚೆ ನಿಂತು ಬೈತಾರೆ. ಅವರು ನಿಮ್ಮ ಮಗನ ಆಟವನ್ನು ಅರ್ಧ ಗಂಟೆ ನೋಡಿ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ಹೊಸ ಬೂಟು ತರಬೇಡಿ. ಕಾಲಿನ ನಂಬರ್ ಹೇಳಿ, ತಂಗಿ ಮಗನದು ಏಳು ನಂಬರಿನದು ಮನೆಯಲ್ಲಿ ಹಾಗೇ ಇದೆ.